ಗುಳಿಗೆಯ ಓದು: ವಿಜಯನಗರ ಜಿಲ್ಲೆಯ ಐದು ತಾಲ್ಲೂಕುಗಳಲ್ಲಿ ಫಾರ್ಮಕಾಲಜಿ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದೂ ತಾಲ್ಲೂಕು ಸುತ್ತಿ ಬಂದರೂ ಎಂಬಿಬಿಎಸ್ ಕಲಿಸುವ ಕಾಲೇಜು ಒಂದೂ ಸಿಗುವುದಿಲ್ಲ. ಆದರೆ ಔಷಧಗಳ ಶಾಸ್ತ್ರವಾದ ಫಾರ್ಮಕಾಲಜಿ ಓದುವ ಮಕ್ಕಳಿಗೆ ಇಲ್ಲಿ ಬರವಿಲ್ಲ. ಒಬ್ಬಳು ಬಳ್ಳಾರಿಯಲ್ಲಿ ನರ್ಸಿಂಗ್ ಓದುತ್ತಾಳೆ, ಒಬ್ಬ ಹೊಸಪೇಟೆಗೆ ಡಿ.ಫಾರ್ಮಕ್ಕೆ ಓಡಾಡುತ್ತಾನೆ, ಇನ್ನೊಬ್ಬ ಹರಪನಹಳ್ಳಿಯಲ್ಲೇ ತೆಗ್ಗಿನಮಠ ಸಂಸ್ಥೆಯ ಎಸ್.ಸಿ.ಎಸ್. ಫಾರ್ಮಸಿ ಕಾಲೇಜು ಸೇರಿರುತ್ತಾನೆ. ಆಯುರ್ವೇದಕ್ಕೆ ಹೋದವರು ಬಳ್ಳಾರಿಯ ತಾರಾನಾಥ ಕಾಲೇಜಿನಲ್ಲಿ ದ್ರವ್ಯಗುಣದ ಜೊತೆಜೊತೆಗೆ ಆಧುನಿಕ ಔಷಧಗಳ ಪರಿಚಯವನ್ನೂ ಮಾಡಿಕೊಳ್ಳುತ್ತಾರೆ. ನೀಟ್‌ನಲ್ಲಿ ಗೆದ್ದ ಕೆಲವರು 1961ರಲ್ಲಿ ಶುರುವಾದ ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿಗೋ, 1965ರ ದಾವಣಗೆರೆಯ ಜೆ.ಜೆ.ಎಂ. ಕಾಲೇಜಿಗೋ ಸೇರುತ್ತಾರೆ. ಕೋರ್ಸು ಬೇರೆ, ಫೀಸು ಬೇರೆ, ಮುಂದೆ ಕೈಗೆ ಬರುವ ಸಂಬಳವಂತೂ ಅಜಗಜಾಂತರ. ಇವರೆಲ್ಲರೂ ಒಂದಲ್ಲ ಒಂದು ವರ್ಷ ತಲೆ ಮೇಲೆ ಕೈಹೊತ್ತು ಕೂರುವುದು ಮಾತ್ರ ಈ ಒಂದೇ ಪೇಪರಿನ ಮುಂದೆ.

ಯಾವ ಕೋರ್ಸಿನಲ್ಲಿ ಎಷ್ಟು ಎಂದು ಒಮ್ಮೆ ನೋಡಬೇಕು. ಭಾರತೀಯ ಶುಶ್ರೂಷಾ ಪರಿಷತ್ತು 2021ರಲ್ಲಿ ತಿದ್ದಿದ ಬಿ.ಎಸ್ಸಿ. ನರ್ಸಿಂಗ್ ಪಠ್ಯಕ್ರಮದಲ್ಲಿ ಫಾರ್ಮಕಾಲಜಿ ಮೂರನೆಯ ಸೆಮಿಸ್ಟರಿಗೆ 20 ಗಂಟೆ, ನಾಲ್ಕನೆಯದಕ್ಕೆ 60 ಗಂಟೆ. ಬಿ.ಫಾರ್ಮದವರಿಗೆ ನಾಲ್ಕು, ಐದು, ಆರನೆಯ ಸೆಮಿಸ್ಟರ್ ಹೀಗೆ ಮೂರು ಕಂತು. ಡಿ.ಫಾರ್ಮದಲ್ಲಿ 2020ರ ಹೊಸ ನಿಯಮದ ಪ್ರಕಾರ ಎರಡನೆಯ ವರ್ಷ. ಎಂಬಿಬಿಎಸ್‌ನವರಿಗೆ ಎರಡನೆಯ ಹಂತ. ಗಂಟೆಗಳ ಲೆಕ್ಕದಲ್ಲಿ ನರ್ಸಿಂಗ್‌ನವರ ಪಾಲು ತೀರಾ ಸಣ್ಣದು. ರಾತ್ರಿ ಎರಡು ಗಂಟೆಗೆ ವಾರ್ಡಿನಲ್ಲಿ ಒಬ್ಬಂಟಿಯಾಗಿ ಸಿರಿಂಜಿಗೆ ಔಷಧ ಏರಿಸುವವರು ಮಾತ್ರ ಅವರೇ. ಈ ವಿಪರ್ಯಾಸದ ಬಗ್ಗೆ ಪಠ್ಯಕ್ರಮ ಬರೆಯುವವರು ಯಾಕೋ ಹೆಚ್ಚು ತಲೆ ಕೆಡಿಸಿಕೊಂಡಂತಿಲ್ಲ.

ವಿಷಯ ಕಷ್ಟ ಯಾಕೆ ಎಂದು ಮಕ್ಕಳನ್ನು ಕೇಳಿದರೆ ಉತ್ತರ ಒಂದೇ: "ಹೆಸ್ರು ನೆನಪು ಉಳಿಯಂಗಿಲ್ರೀ." ಕೆ.ಡಿ. ತ್ರಿಪಾಠಿಯವರ ದಪ್ಪ ಪುಸ್ತಕವನ್ನು ತೆರೆದರೆ ಪ್ರತಿ ಅಧ್ಯಾಯದ ಮೊದಲಿಗೇ ಒಂದು ದೊಡ್ಡ ವರ್ಗೀಕರಣ ಕಾಣುತ್ತದೆ. ಪರೀಕ್ಷೆಯಲ್ಲೂ ಅದೇ ಬರುತ್ತದೆ: ಇಂಥದ್ದನ್ನು ವರ್ಗೀಕರಿಸಿ, ಒಂದರ ಕಾರ್ಯವಿಧಾನ ಬರೆಯಿರಿ, ಉಪಯೋಗ ಮತ್ತು ಅಡ್ಡಪರಿಣಾಮ ತಿಳಿಸಿ. ಮಕ್ಕಳು ಹೆಸರುಗಳ ಮೊದಲಕ್ಷರ ಕೂಡಿಸಿ ಏನಾದರೊಂದು ಪೋಲಿ ವಾಕ್ಯ ಕಟ್ಟಿಕೊಂಡು ಬಾಯಿಪಾಠ ಮಾಡುತ್ತಾರೆ, ಬರೆಯುತ್ತಾರೆ, ಪಾಸಾಗುತ್ತಾರೆ, ಮರೆಯುತ್ತಾರೆ. ಅಂತರರಾಷ್ಟ್ರೀಯ ಹೆಸರುಗಳ ಬಾಲ ನೋಡಿ ಗುಂಪು ಹಿಡಿಯುವ ಉಪಾಯವನ್ನು ಕೆಲವು ಮೇಷ್ಟ್ರುಗಳಾದರೂ ಹೇಳಿಕೊಡುತ್ತಾರೆ: 'ಓಲಾಲ್' ಎಂದು ಮುಗಿದರೆ ಬೀಟಾ ಬ್ಲಾಕರ್, 'ಪ್ರಿಲ್' ಎಂದರೆ ಬಿಪಿಯ ಗುಳಿಗೆ ಎನಾಲಪ್ರಿಲ್‌ನ ಕುಟುಂಬ, 'ಸಾರ್ಟಾನ್' ಎಂದರೆ ಅದರ ದಾಯಾದಿ, 'ಪ್ರಜೋಲ್' ಎಂದರೆ ಹೊಟ್ಟೆಯ ಆಮ್ಲ ತಗ್ಗಿಸುವ ಗುಳಿಗೆ. ಇದರಿಂದ ಅರ್ಧ ಭಾರ ಇಳಿಯುತ್ತದೆ. ಉಳಿದರ್ಧ ಇಳಿಯಬೇಕಾದರೆ ಹೆಸರಿಗೊಂದು ರೋಗಿಯ ಮುಖ ಸಿಗಬೇಕು. ಈ ಐದು ತಾಲ್ಲೂಕಿನ ಮಕ್ಕಳಿಗೆ ಅಂಥ ಮುಖಗಳು ಬೆಂಗಳೂರಿನ ಮಕ್ಕಳಿಗಿಂತ ಚೆನ್ನಾಗಿ ಗೊತ್ತು. ಅದನ್ನು ಯಾರೂ ಪಾಠಕ್ಕೆ ಬಳಸಿಕೊಳ್ಳುವುದಿಲ್ಲ ಎಂಬುದೇ ನನ್ನ ತಕರಾರು.

ಮಕ್ಕಳು ಅತಿ ಹೆಚ್ಚು ಹೆದರುವ ಅಧ್ಯಾಯವನ್ನೇ ತೆಗೆದುಕೊಳ್ಳೋಣ: ಸ್ವಯಂಚಾಲಿತ ನರವ್ಯೂಹ. ಅಸಿಟೈಲ್‌ಕೋಲಿನ್, ಮಸ್ಕರಿನಿಕ್, ನಿಕೋಟಿನಿಕ್ ಎಂದು ಹಲಗೆಯ ಮೇಲೆ ಬರೆದಾಗ ತರಗತಿ ಮಂಕಾಗುತ್ತದೆ. ಮೆಕ್ಕೆಜೋಳಕ್ಕೋ ಹತ್ತಿಗೋ ಹೊಡೆಯುವ ಕ್ರಿಮಿನಾಶಕ ಕುಡಿದವರನ್ನು ಟ್ರ್ಯಾಕ್ಸಿನಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದ್ದನ್ನು ಕಂಡ ಮಕ್ಕಳು ಅದೇ ತರಗತಿಯಲ್ಲಿ ಕೂತಿರುತ್ತಾರೆ. ಬಾಯಲ್ಲಿ ನೊರೆ, ಸುರಿಯುವ ಬೆವರು, ಸೂಜಿಮೊನೆಯಷ್ಟಾದ ಕಣ್ಣಪಾಪೆ, ಎದೆಯಲ್ಲಿ ಗೊರಗೊರ, ನಿಧಾನವಾದ ನಾಡಿ. ಆರ್ಗನೋಫಾಸ್ಫರಸ್ ವಿಷ ಅಸಿಟೈಲ್‌ಕೋಲಿನ್ನನ್ನು ಒಡೆಯುವ ಕಿಣ್ವವನ್ನು ಕಟ್ಟಿಹಾಕುತ್ತದೆ, ಒಡೆಯದೆ ಉಳಿದ ಅಸಿಟೈಲ್‌ಕೋಲಿನ್ ಮೈತುಂಬ ಹಾವಳಿ ಎಬ್ಬಿಸುತ್ತದೆ. ಅಧ್ಯಾಯದ ಅರ್ಧ ಇಷ್ಟರಲ್ಲೇ ಮುಗಿಯಿತು. ಇನ್ನರ್ಧ ಅಟ್ರೋಪಿನ್. ಅದು ಮಸ್ಕರಿನಿಕ್ ಗ್ರಾಹಕಗಳಿಗೆ ಅಡ್ಡ ಕೂರುತ್ತದೆ. ಎದೆಯ ಗೊರಗೊರ ಒಣಗುವವರೆಗೆ, ನಾಡಿ ಏರುವವರೆಗೆ, ಕೆಲವು ನಿಮಿಷಕ್ಕೊಮ್ಮೆ ಡೋಸನ್ನು ಇಮ್ಮಡಿಗೊಳಿಸುತ್ತ ಕೊಡಬೇಕಾಗುತ್ತದೆ. 0.6 ಮಿಲಿಗ್ರಾಂನ ಆಂಪೂಲುಗಳು ಒಬ್ಬ ರೋಗಿಗೆ ಹತ್ತಾರು ಖರ್ಚಾಗುವುದು ಹೀಗೆ. ಕಣ್ಣಪಾಪೆ ಅಗಲವಾಯಿತೆಂದು ಅಲ್ಲಿಗೇ ನಿಲ್ಲಿಸಿದರೆ ಕೆಡುತ್ತದೆ, ನೋಡಬೇಕಾದ್ದು ಎದೆಯನ್ನು. ಅಟ್ರೋಪಿನ್ ಸ್ನಾಯುಗಳ ನಿಶ್ಶಕ್ತಿಗೆ ಏನೂ ಮಾಡದು ಎಂಬುದೂ ಇಲ್ಲೇ ತಿಳಿಯುತ್ತದೆ, ಏಕೆಂದರೆ ಅಲ್ಲಿರುವ ಗ್ರಾಹಕ ನಿಕೋಟಿನಿಕ್. ಹಲಗೆಯ ಮೇಲಿನ ಆ ಎರಡು ಪದಗಳ ವ್ಯತ್ಯಾಸ ಆಮೇಲೆ ಮರೆಯುವ ಪ್ರಶ್ನೆಯೇ ಇಲ್ಲ.

ಇದರ ತದ್ವಿರುದ್ಧ ಚಿತ್ರ ಬೇಲಿಸಾಲಿನಲ್ಲೇ ಬೆಳೆದಿದೆ. ಉಮ್ಮತ್ತಿ ಕಾಯಿ ತಿಂದ ಮಗುವಿನ ಬಾಯಿ ಒಣಗುತ್ತದೆ, ಮೈ ಕಾಯುತ್ತದೆ, ಕಣ್ಣಪಾಪೆ ಅರಳುತ್ತದೆ, ಇಲ್ಲದ್ದನ್ನು ಹಿಡಿಯಲು ಗಾಳಿಯಲ್ಲಿ ಕೈ ಆಡಿಸುತ್ತದೆ. ಅದರಲ್ಲಿರುವುದು ಅಟ್ರೋಪಿನ್ನಿನ ಬಳಗವೇ. ಇನ್ನು ಕಣಗಿಲೆಯ ವಿಷ ಹೃದಯದ ಮೇಲೆ ಡಿಜಾಕ್ಸಿನ್ನಿನಂತೆ ಕೆಲಸ ಮಾಡುತ್ತದೆ. ಪಠ್ಯದಲ್ಲಿ ಡಿಜಿಟಾಲಿಸ್ ಎಂಬ ಯುರೋಪಿನ ಗಿಡದ ಚಿತ್ರ ನೋಡಿ ಕಲಿಯುವ ಪಾಠಕ್ಕೆ ಗುಡಿಯ ಮುಂದಿನ ಕಣಗಿಲೆ ಸಾಕ್ಷಿಯಾಗಬಹುದಿತ್ತು. ಈ ನಾಡಿಗೆ ವಿಷದ ಅಧ್ಯಯನ ಹೊಸದೂ ಅಲ್ಲ. 14ನೆಯ ಶತಮಾನದಲ್ಲಿ, ವಿಜಯನಗರ ಸಾಮ್ರಾಜ್ಯದ ಆರಂಭದ ಕಾಲದಲ್ಲಿ, ಮಂಗರಾಜ 'ಖಗೇಂದ್ರಮಣಿದರ್ಪಣ' ಎಂಬ ವಿಷವೈದ್ಯದ ಗ್ರಂಥವನ್ನು ಕನ್ನಡದಲ್ಲೇ ಬರೆದ. ಗಿಡಮೂಲ ಮತ್ತು ಖನಿಜದ ವಿಷ ಒಂದು ಕಡೆ, ಪ್ರಾಣಿಗಳ ವಿಷ ಇನ್ನೊಂದು ಕಡೆ ಎಂದು ವಿಂಗಡಿಸಿ, ಲಕ್ಷಣ ಹೇಳಿ, ಮದ್ದು ಹೇಳುವ ಕ್ರಮ ಅಲ್ಲಿದೆ. ಅವನ ಮದ್ದುಗಳನ್ನು ಇಂದು ಯಾರೂ ಕೊಡಬೇಕಾಗಿಲ್ಲ. ಲಕ್ಷಣದಿಂದ ವಿಷಕ್ಕೆ, ವಿಷದಿಂದ ಚಿಕಿತ್ಸೆಗೆ ಹೋಗುವ ದಾರಿ ಮಾತ್ರ ನಮ್ಮ ಪಠ್ಯಗಳಿಗಿಂತ ನೇರವಾಗಿದೆ.

ಹಾವಿನ ಮಾತಿಗೆ ಬಂದರೆ, ಕರ್ನಾಟಕ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಒಂದೇ ಪ್ರತಿವಿಷ ಸೀರಂ. ಅದರ ತಯಾರಿಗೆ ಬೇಕಾದ ವಿಷದ ಬಹುಪಾಲು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ ಬರುತ್ತದೆ. ಒಂದೇ ಜಾತಿಯ ಹಾವಿನ ವಿಷವೂ ಪ್ರದೇಶದಿಂದ ಪ್ರದೇಶಕ್ಕೆ ಬೇರೆಯಾಗುತ್ತದೆ ಎಂಬುದನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿಕೊಟ್ಟಿದ್ದಾರೆ. ಡೋಸಿನ ಲೆಕ್ಕ ರೋಗಿಯ ತೂಕಕ್ಕಲ್ಲ, ಒಳಹೋದ ವಿಷಕ್ಕೆ, ಆದ್ದರಿಂದ ಮಗುವಿಗೂ ದೊಡ್ಡವರಷ್ಟೇ ವಯಲು. ಇದನ್ನು ಮೊದಲ ಸಲ ಕೇಳಿದಾಗ ನರ್ಸಿಂಗ್ ವಿದ್ಯಾರ್ಥಿಗಳು ನಂಬುವುದೇ ಇಲ್ಲ. ಇನ್ನು ಕಲ್ಲುಗುಡ್ಡದ ಸೀಮೆಗೆ ಚೇಳು ಹೊಸತೇ? ಮಹಾರಾಷ್ಟ್ರದ ಮಹಾಡ್ ಎಂಬ ಸಣ್ಣ ಊರಿನಲ್ಲಿ ವೈದ್ಯರಾಗಿದ್ದ ಹಿಮ್ಮತರಾವ್ ಬಾವಸ್ಕರ್, ಕೆಂಪು ಚೇಳು ಕುಟುಕಿದಾಗ ಸಾಯುತ್ತಿದ್ದವರಿಗೆ ಪ್ರಾಜೋಸಿನ್ ಎಂಬ ರಕ್ತದೊತ್ತಡದ ಗುಳಿಗೆ ಕೊಟ್ಟು ಉಳಿಸಿ, ಅದನ್ನು 1986ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟಿಸಿದರು. ದೊಡ್ಡ ಪ್ರಯೋಗಾಲಯ ಇರಲಿಲ್ಲ. ಚೇಳಿನ ವಿಷ ಯಾವ ನರವನ್ನು ಕೆರಳಿಸುತ್ತದೆ, ಆ ಕೆರಳಿಕೆಯನ್ನು ಯಾವ ಗುಳಿಗೆ ತಡೆಯುತ್ತದೆ ಎಂಬ ಫಾರ್ಮಕಾಲಜಿಯ ಮೂಲಪ್ರಶ್ನೆಯನ್ನು ಅವರು ಹಾಸಿಗೆಯ ಪಕ್ಕ ನಿಂತು ಕೇಳಿಕೊಂಡರು. ಪ್ರಾಜೋಸಿನ್ ಸೇರುವ ಆಲ್ಫಾ ಬ್ಲಾಕರ್ ಗುಂಪಿನ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಕಥೆ ನನಗೆ ಗೊತ್ತಿಲ್ಲ.

ಹಡಗಲಿಯವರಿಗೊಂದು ಅಡ್ಡಮಾತು. ಎದೆಹಾಲು ನಿಲ್ಲಿಸಲು ಬಾಣಂತಿಯ ಎದೆಗೆ ಮಲ್ಲಿಗೆ ಹೂ ಕಟ್ಟುವ ಪದ್ಧತಿ ದಕ್ಷಿಣ ಭಾರತದಲ್ಲಿ ಹಳೆಯದು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ತಂಡ ಇದನ್ನು ಬ್ರೋಮೊಕ್ರಿಪ್ಟಿನ್ ಗುಳಿಗೆಯ ಜೊತೆ ಹೋಲಿಸಿ 1988ರಲ್ಲಿ ವರದಿ ಪ್ರಕಟಿಸಿತು. ಹಾಲು ಉಕ್ಕಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ರಕ್ತದಲ್ಲಿ ಇಳಿದದ್ದು ಗುಳಿಗೆಯಲ್ಲೇ ಹೆಚ್ಚು, ಆದರೆ ಹಾಲು ನಿಲ್ಲಿಸುವುದರಲ್ಲಿ ಎರಡೂ ಸಮಸಮ. ಹಾಗೆಂದು ಭೌಗೋಳಿಕ ಸೂಚಕ ಪಡೆದ ಹಡಗಲಿ ಮಲ್ಲಿಗೆಗೆ ಈ ಕೀರ್ತಿ ಕಟ್ಟುವಂತಿಲ್ಲ. ವೆಲ್ಲೂರಿನಲ್ಲಿ ಕಟ್ಟಿದ್ದು ದುಂಡುಮಲ್ಲಿಗೆಯ ಜಾತಿ, ಹಡಗಲಿಯದು ಬೇರೆ. ಒಂದು ಗಿಡದ ಮೇಲೆ ನಡೆದ ಪರೀಕ್ಷೆ ಅದರ ಸೋದರ ಗಿಡಕ್ಕೆ ಅನ್ವಯಿಸದು ಎಂಬ ಪಾಠವೂ ಈ ಹೂವಿನಲ್ಲೇ ಇದೆ. ಗಿಡಮೂಲಿಕೆ ಎಂದ ಕೂಡಲೇ ಕೈಮುಗಿಯುವವರೂ, ಕೇಳಿದ ಕೂಡಲೇ ನಗುವವರೂ ಇಬ್ಬರೂ ಓದಬೇಕಾದ ಪಾಠ.

ತುರ್ತಿನ ಔಷಧಗಳಲ್ಲಿ ರೋಚಕತೆ ಇದೆ, ಆದರೆ ಈ ತಾಲ್ಲೂಕುಗಳ ಕೌಂಟರಿನಲ್ಲಿ ದಿನವೂ ಹರಿಯುವುದು ಬೇರೆ ಗುಳಿಗೆಗಳು: ಬಿಪಿಗೆ ಆಮ್ಲೋಡಿಪಿನ್, ಸಕ್ಕರೆಗೆ ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್, ಗ್ಯಾಸಿಗೆ ಪ್ಯಾಂಟೊಪ್ರಜೋಲ್, ನೋವಿಗೆ ಡೈಕ್ಲೋಫೆನಾಕ್. ಪಾದ ಊದಿದ ಅಜ್ಜಿ ಕಿಡ್ನಿ ಹೋಯಿತೆಂದು ಅಳುತ್ತ ಬಂದರೆ, ಅದು ಆಮ್ಲೋಡಿಪಿನ್ನಿನ ಬಾವು ಇರಬಹುದೆಂದು ಅನುಮಾನಿಸಿ ವೈದ್ಯರ ಬಳಿ ಕಳಿಸುವವರು ಬೇಕು. ಎನಾಲಪ್ರಿಲ್ ಶುರುವಾದ ಮೇಲೆ ಒಣಕೆಮ್ಮು ಹತ್ತಿದವರಿಗೆ ಬಾಟಲಿಗಟ್ಟಲೆ ಕೆಮ್ಮಿನ ಸಿರಪ್ ಕೊಡುವ ಬದಲು ಮೂಲ ಗುಳಿಗೆಯತ್ತ ಬೆರಳು ತೋರಿಸುವವರು ಬೇಕು. ಶಿವರಾತ್ರಿಗೋ ರಂಜಾನಿಗೋ ಉಪವಾಸ ಕೂರುವವರು ಗ್ಲಿಮೆಪಿರೈಡ್ ನುಂಗಿದರೆ ಸಕ್ಕರೆ ಕುಸಿದು ತಲೆತಿರುಗಿ ಬೀಳುತ್ತಾರೆ. ಮೆಟ್‌ಫಾರ್ಮಿನ್ ಒಂದರಿಂದಲೇ ಹಾಗಾಗುವುದು ಅಪರೂಪ. ಈ ಎರಡರ ಕಾರ್ಯವಿಧಾನ ಬರೆದು ಐದು ಅಂಕ ಗಳಿಸಿದ ವಿದ್ಯಾರ್ಥಿಗೆ ಉಪವಾಸದ ಪ್ರಶ್ನೆ ಕೇಳಿದರೆ ತಡವರಿಸುವುದನ್ನು ನೋಡಿದ್ದೇನೆ. ಉತ್ತರ ಅವನ ನೋಟ್ಸಿನಲ್ಲೇ ಇತ್ತು. ಒಂದು ಮೇದೋಜೀರಕಕ್ಕೆ ಇನ್ಸುಲಿನ್ ಸುರಿಸಲು ಒತ್ತಾಯಿಸುತ್ತದೆ, ಇನ್ನೊಂದು ಹಾಗೆ ಮಾಡದು.

ಲೆಕ್ಕದ ವಿಷಯವನ್ನೂ ಇಲ್ಲೇ ಹೇಳಬೇಕು. ಡ್ರಿಪ್‌ನ ಲೆಕ್ಕ ಸರಳ: 500 ಮಿಲಿ ಸಲೈನು ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ಟಿನಲ್ಲಿ ಮಿಲಿಗೆ 20 ಹನಿ, ಹಾಗಾದರೆ ನಿಮಿಷಕ್ಕೆ ಸುಮಾರು 42 ಹನಿ. ಇನ್ಸುಲಿನ್ ಹೆಚ್ಚು ಅಪಾಯದ್ದು. ನಮ್ಮಲ್ಲಿ ಮಿಲಿಗೆ 40 ಯೂನಿಟ್ಟಿನ ವಯಲೂ ಇದೆ, 100 ಯೂನಿಟ್ಟಿನದೂ ಇದೆ. ಅವಕ್ಕೆ ತಕ್ಕ ಸಿರಿಂಜುಗಳ ಮುಚ್ಚಳ ಒಂದು ಕೆಂಪು, ಒಂದು ಕಿತ್ತಳೆ. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಹೋಗುವುದು ಬರೆದದ್ದರ ಎರಡೂವರೆ ಪಟ್ಟು. ನನ್ನ ಕೈಲಿದ್ದರೆ ಈ ಒಂದು ಲೆಕ್ಕ ತಪ್ಪಿದವರನ್ನು ಉಳಿದೆಲ್ಲ ಉತ್ತರ ಸರಿಯಿದ್ದರೂ ಪಾಸು ಮಾಡುತ್ತಿರಲಿಲ್ಲ.

ಈಗ ಭಾಷೆಯ ಗೋಳು. ಐದೂ ತಾಲ್ಲೂಕುಗಳು ಸ್ಥಳೀಯರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿವೆ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿ ಆ ಸವಲತ್ತಿನಿಂದ ಹೊರಗುಳಿದಿದ್ದ ಹರಪನಹಳ್ಳಿಗೂ ಹೋರಾಟದ ಮೇಲೆ ಅದು ದಕ್ಕಿತು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿವರೆಗೆ ಓದಿದ ಮಕ್ಕಳಿಗೆ ಸೀಟು ಸಿಗುವುದು ಇದರಿಂದ ಸುಲಭವಾಗಿದೆ. ಸೀಟು ಸಿಕ್ಕ ಮೊದಲ ವಾರ ಇಡೀ ತರಗತಿ ಇಂಗ್ಲಿಷಿನಲ್ಲಿ ನಡೆದಾಗ ಅವರು ಕಂಗಾಲಾಗುತ್ತಾರೆ. ಇದಕ್ಕೆ ಪರಿಹಾರ ಕನ್ನಡದ ಪಠ್ಯಪುಸ್ತಕ ಎನ್ನುವವರಿದ್ದಾರೆ. ಮಧ್ಯಪ್ರದೇಶ 2022ರ ಅಕ್ಟೋಬರಿನಲ್ಲಿ ಎಂಬಿಬಿಎಸ್ ಮೊದಲ ವರ್ಷದ ಪುಸ್ತಕಗಳನ್ನು ಹಿಂದಿಯಲ್ಲಿ ತಂದಿತು, ಅವುಗಳಲ್ಲಿ ಪಾರಿಭಾಷಿಕ ಪದಗಳು ಬಹುತೇಕ ಇಂಗ್ಲಿಷೇ, ಲಿಪಿ ಮಾತ್ರ ನಾಗರಿ. ಅದನ್ನು ಹಲವರು ಗೇಲಿ ಮಾಡಿದರು, ನನಗೆ ಅದು ಬುದ್ಧಿವಂತ ನಡೆಯಾಗಿಯೇ ಕಂಡಿತು. ಡೈಕ್ಲೋಫೆನಾಕ್‌ಗೆ ಸಂಸ್ಕೃತದ ಹೆಸರು ಹುಡುಕುತ್ತ ಕೂರುವುದು ಸಮಯ ಹಾಳು. ಗುಳಿಗೆಯ ಪಟ್ಟಿಯ ಮೇಲೆ ಬರೆದ ಹೆಸರನ್ನು ವಿದ್ಯಾರ್ಥಿ ಇಂಗ್ಲಿಷಿನಲ್ಲಿ ತಪ್ಪಿಲ್ಲದೆ ಓದಲೇಬೇಕು, ಏಕೆಂದರೆ ಒಂದಕ್ಷರ ತಪ್ಪಿದರೆ ಔಷಧವೇ ಬೇರೆ. ಆದರೆ ಆ ಔಷಧ ಏನು ಮಾಡುತ್ತದೆ ಎಂದು ಬಿಡಿಸುವ ವಾಕ್ಯ ಕನ್ನಡದಲ್ಲಿರಬೇಕು. ಡಾ. ಡಿ.ಎಸ್. ಶಿವಪ್ಪ, ಡಾ. ಪಿ.ಎಸ್. ಶಂಕರ್ ಅವರಂಥವರು ದಶಕಗಳ ಕಾಲ ಬರೆದು ವೈದ್ಯ ವಿಷಯ ಕನ್ನಡದಲ್ಲಿ ಹೇಳಲಾಗದು ಎಂಬ ನೆಪವನ್ನು ಎಂದೋ ಅಳಿಸಿಹಾಕಿದ್ದಾರೆ. ಮಂಗಳೂರಿನ ಪದ್ಮಜಾ ಉದಯಕುಮಾರ್, ಮಣಿಪಾಲದ ತಾರಾ ಶಾನಭಾಗರಂಥವರು ಬರೆದ ಇಂಗ್ಲಿಷ್ ಪಠ್ಯಗಳನ್ನು ದೇಶದ ಬೇರೆಡೆಯ ಮಕ್ಕಳೂ ಓದುತ್ತಾರೆ. ಕನ್ನಡ ನೆಲದ ಅಧ್ಯಾಪಕರಿಗೆ ತಿಳಿಯಾಗಿ ಹೇಳುವ ಕಲೆ ಇಲ್ಲ ಎನ್ನುವಂತಿಲ್ಲ.

ಯಾಕೆ ಕನ್ನಡ ಎಂಬುದಕ್ಕೆ ಕ್ಷಯದ ಗುಳಿಗೆಯೊಂದೇ ಸಾಕು. ರಿಫಾಂಪಿಸಿನ್ ನುಂಗಿದ ದಿನದಿಂದ ಮೂತ್ರ ಕೆಂಪು ಕಿತ್ತಳೆಯಾಗುತ್ತದೆ. ಯಾರೂ ಮುಂಚೆ ಹೇಳದಿದ್ದರೆ ರೋಗಿ ರಕ್ತ ಹೋಗುತ್ತಿದೆ ಎಂದು ಗುಳಿಗೆ ಬಿಡುತ್ತಾನೆ, ಅರ್ಧಕ್ಕೆ ಬಿಟ್ಟರೆ ರೋಗಾಣು ಔಷಧಕ್ಕೆ ಜಗ್ಗದಂತಾಗುತ್ತದೆ. "ಉಚ್ಚೆ ಕೆಂಪಗೆ ಬರ್ತತಿ, ಹೆದರಬ್ಯಾಡ ಯಜ್ಜಾ, ಅದು ಗುಳಿಗಿ ಬಣ್ಣ" ಎಂಬ ಒಂದು ಮಾತು ಆರು ತಿಂಗಳ ಚಿಕಿತ್ಸೆಯನ್ನು ಉಳಿಸುತ್ತದೆ. ಅದೇ ರಿಫಾಂಪಿಸಿನ್ ಯಕೃತ್ತಿನ ಕಿಣ್ವಗಳನ್ನು ಹೆಚ್ಚಿಸಿ ಗರ್ಭನಿರೋಧಕ ಗುಳಿಗೆಯನ್ನು ನಿಷ್ಫಲ ಮಾಡುತ್ತದೆ. ಇದನ್ನು ಒಬ್ಬ ಸೊಸೆಗೆ ಅತ್ತೆಯ ಎದುರು ಹೇಗೆ ಹೇಳುವುದು ಎಂಬುದು ಯಾವ ಇಂಗ್ಲಿಷ್ ಪುಸ್ತಕದಲ್ಲೂ ಇಲ್ಲ. ವೈವಾದಲ್ಲಿ ಇಂಥ ಐದು ನಿಮಿಷದ ಮಾತುಕತೆಗೆ ಅಂಕವಿಡಲು ಯಾರ ಅಪ್ಪಣೆಯೂ ಬೇಕಿಲ್ಲ.

ಪ್ರಯೋಗಶಾಲೆಯ ಸ್ಥಿತಿ ಬೇಗ ಹೇಳಿ ಮುಗಿಸಬಹುದು. ಮುಂಚೆ ಕಪ್ಪೆಯ ಹೃದಯಕ್ಕೆ ಅಡ್ರಿನಲಿನ್ ಹನಿಸಿ ಮಸಿ ಬಳಿದ ಡ್ರಮ್ಮಿನ ಮೇಲೆ ಗೆರೆ ಎಳೆಯುತ್ತಿದ್ದರು, ಮೊಲದ ಕಣ್ಣಿಗೆ ಅಟ್ರೋಪಿನ್ ಹಾಕಿ ಪಾಪೆ ಅಳೆಯುತ್ತಿದ್ದರು. ಈಗ ಪ್ರಾಣಿಗಳ ಬದಲು ಕಂಪ್ಯೂಟರಿನಲ್ಲಿ ತೋರಿಸಬೇಕೆಂದು ಬಿ.ಫಾರ್ಮ ಪಠ್ಯಕ್ರಮವೇ ಹೇಳುತ್ತದೆ. ಪುದುಚೇರಿಯ ಜಿಪ್ಮರ್‌ನಲ್ಲಿ ರೂಪಿಸಿದ 'ಎಕ್ಸ್‌ಫಾರ್ಮ್' ತಂತ್ರಾಂಶ ಇದಕ್ಕೆ ಬಳಕೆಯಲ್ಲಿದೆ. ಕಪ್ಪೆಗಳು ಉಳಿದವು, ಒಳ್ಳೆಯದೇ. ಪರದೆಯ ಮೇಲೆ ಗುಂಡಿ ಒತ್ತಿದರೆ ಪ್ರತಿ ಸಲವೂ ಒಂದೇ ಗೆರೆ ಬರುವುದರಿಂದ, ನಿಜವಾದ ದೇಹ ಪ್ರತಿ ಸಲವೂ ಬೇರೆಯಾಗಿ ವರ್ತಿಸುತ್ತದೆ ಎಂಬ ಅನುಭವ ತಪ್ಪಿಹೋಗಿದೆ. ಅದನ್ನು ತುಂಬಬೇಕಾದ್ದು ವಾರ್ಡು.

ಮೆಡಿಕಲ್ ಸ್ಟೋರಿನ ಕಥೆ ಬೇರೆಯೇ. ಔಷಧ ಮತ್ತು ಸೌಂದರ್ಯವರ್ಧಕ ನಿಯಮಾವಳಿಯ ಶೆಡ್ಯೂಲ್ ಎಚ್ ಪ್ರಕಾರ ಚೀಟಿ ಇಲ್ಲದೆ ಕೊಡುವಂತಿಲ್ಲದ ಔಷಧಗಳಿವೆ. 2014ರಿಂದ ಜಾರಿಯಲ್ಲಿರುವ ಎಚ್1 ಪಟ್ಟಿಯ ಪ್ರಬಲ ಆಂಟಿಬಯೋಟಿಕ್ಕುಗಳನ್ನು ಮಾರಿದರೆ ರೋಗಿಯ, ವೈದ್ಯರ ಹೆಸರು ಬರೆದು ಆ ದಾಖಲೆಯನ್ನು ಮೂರು ವರ್ಷ ಇಡಬೇಕು. ಡಿ.ಫಾರ್ಮದವರು ಇದನ್ನು ಅಚ್ಚುಕಟ್ಟಾಗಿ ಓದುತ್ತಾರೆ. ಆಮೇಲೆ ಸಂತೆಯ ದಿನ ಕೌಂಟರಿನಲ್ಲಿ ನಿಂತಾಗ "ಜ್ವರಕ್ಕ ಪವರ್ ಇರೋ ಗುಳಿಗಿ ಕೊಡ್ರಿ, ಮೂರು ಸಾಕು" ಎನ್ನುವ ಗಿರಾಕಿ ಎದುರಾಗುತ್ತಾನೆ. ಮೂರು ಗುಳಿಗೆ ಅಜಿತ್ರೊಮೈಸಿನ್ ಕೊಡದಿದ್ದರೆ ಅವನು ಪಕ್ಕದ ಅಂಗಡಿಗೆ ಹೋಗುತ್ತಾನೆ. ಮಾಲೀಕ ಹುಬ್ಬು ಗಂಟಿಕ್ಕುತ್ತಾನೆ. ಹಳ್ಳಿಯಲ್ಲಿ ಸೂಜಿ ಮಾಡುವವರ ಬ್ಯಾಗಿನಲ್ಲಿ ಡೆಕ್ಸಾಮೆಥಾಸೋನ್ ಇದ್ದೇ ಇರುತ್ತದೆ, ಅದು ಒಂದೇ ದಿನದಲ್ಲಿ ಹಸಿವು, ಹುಮ್ಮಸ್ಸು ತರುವುದರಿಂದ ಅವರಿಗೆ 'ಕೈಗುಣ' ಬರುತ್ತದೆ. ಮುಖ ಬೆಳ್ಳಗಾಗಲೆಂದು ಹಚ್ಚುವ ಮುಲಾಮಿನಲ್ಲಿರುವುದೂ ಬಹುಪಾಲು ಇದೇ ಬಳಗದ ಸ್ಟೆರಾಯ್ಡು. ಸ್ಟೆರಾಯ್ಡಿನ ಅಡ್ಡಪರಿಣಾಮಗಳ ಹದಿನೈದು ಹೆಸರು ಒಪ್ಪಿಸುವ ವಿದ್ಯಾರ್ಥಿ ತನ್ನ ಅಕ್ಕನ ಮುಖದ ಮೇಲೆ ಎದ್ದ ಕೂದಲು, ಕೆಂಪನ್ನು ಅದಕ್ಕೆ ಜೋಡಿಸುವುದಿಲ್ಲ.

ಔಷಧದ ಗುಣಮಟ್ಟ ಎಂಬುದು ಪಠ್ಯದ ಕೊನೆಯ ಪುಟಗಳಲ್ಲಿ ಉಳಿದುಬಿಡುವ ವಿಷಯ. 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ಸತ್ತಾಗ ಸಂಶಯ ತಿರುಗಿದ್ದು ರಿಂಗರ್ ಲ್ಯಾಕ್ಟೇಟ್ ಎಂಬ ಅತಿ ಸಾಮಾನ್ಯ ದ್ರಾವಣದತ್ತ. ಸರ್ಕಾರ ಆ ಸರಬರಾಜಿನ ಬಾಟಲಿಗಳ ಬಳಕೆ ನಿಲ್ಲಿಸಿತು. ಪಠ್ಯದಲ್ಲಿ ರಿಂಗರ್ ಲ್ಯಾಕ್ಟೇಟ್‌ಗೆ ಸಿಗುವುದು ಒಂದು ಪ್ಯಾರಾ: ಸೋಡಿಯಂ ಇಷ್ಟು, ಪೊಟ್ಯಾಸಿಯಂ ಇಷ್ಟು. ಬಾಟಲಿ ಹಚ್ಚುವ ಮುಂಚೆ ಬೆಳಕಿಗೆ ಹಿಡಿದು ನೋಡು, ಬ್ಯಾಚ್ ನಂಬರನ್ನು ಕೇಸ್ ಶೀಟಿನಲ್ಲಿ ಬರೆ, ಒಂದೇ ವಾರ್ಡಿನಲ್ಲಿ ಇಬ್ಬರಿಗೆ ಮೂತ್ರ ಕಟ್ಟಿದರೆ ಆ ಬ್ಯಾಚನ್ನು ತೆಗೆದಿಡು ಎಂಬ ಮಾತುಗಳು ಅಲ್ಲಿಲ್ಲ. 1937ರಲ್ಲಿ ಅಮೆರಿಕದಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತ ಸಲ್ಫಾ ಸಿರಪ್ಪು ನೂರಕ್ಕೂ ಹೆಚ್ಚು ಜನರನ್ನು ಕೊಂದ ಕಥೆಯನ್ನು ಎಲ್ಲ ಮಕ್ಕಳೂ ಓದುತ್ತಾರೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಮಕ್ಕಳನ್ನು ಕೊಂದ ಕೆಮ್ಮಿನ ಸಿರಪ್ಪಿನಲ್ಲಿ ಸಿಕ್ಕಿದ್ದೂ ಅದೇ ವಿಷ. ಇತಿಹಾಸ ಎಂದು ಓದಿದ್ದು ಸುದ್ದಿಯಾಗಿ ತಿರುಗಿ ಬಂದಿದೆ.

ಔಷಧದ ಇಂಥ ಅನಾಹುತಗಳನ್ನು ಬೇಗ ಗುರುತಿಸಲೆಂದೇ ಇರುವ ವ್ಯವಸ್ಥೆಯನ್ನು ನಮ್ಮ ಮಕ್ಕಳು ಎರಡು ಅಂಕದ ಟಿಪ್ಪಣಿಯಾಗಿ ಮಾತ್ರ ಬಲ್ಲರು. 2010ರಲ್ಲಿ ಶುರುವಾದ ಭಾರತದ ಫಾರ್ಮಕೊವಿಜಿಲೆನ್ಸ್ ಕಾರ್ಯಕ್ರಮವನ್ನು ಈಗ ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಆಯೋಗ ನಡೆಸುತ್ತದೆ. ಗುಳಿಗೆ ನುಂಗಿದ ಮೇಲೆ ಮೈಮೇಲೆ ದದ್ದು ಎದ್ದರೂ ಸರಿ, ಯಾವುದೇ ಸಂಶಯದ ಅಡ್ಡಪರಿಣಾಮವನ್ನು ವೈದ್ಯರಷ್ಟೇ ಅಲ್ಲ, ನರ್ಸು, ಫಾರ್ಮಸಿಸ್ಟು, ಕೊನೆಗೆ ರೋಗಿಯೂ ತಿಳಿಸಬಹುದು. ಔಷಧವೇ ಕಾರಣ ಎಂದು ಸಾಬೀತು ಮಾಡುವ ಹೊಣೆ ತಿಳಿಸುವವರದಲ್ಲ. ಕೂಡ್ಲಿಗಿಯ ತಾಲ್ಲೂಕು ಆಸ್ಪತ್ರೆಗೋ ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೋ ಪೋಸ್ಟಿಂಗಿಗೆ ಹೋಗುವ ಪ್ರತಿ ವಿದ್ಯಾರ್ಥಿ ಒಂದೊಂದು ವರದಿ ತುಂಬಿದರೂ, ಔಷಧದ ಹೆಸರು, ಡೋಸು, ಶುರುವಾದ ದಿನ, ಜೊತೆಗೆ ನುಂಗಿದ ಬೇರೆ ಗುಳಿಗೆ, ಬ್ಯಾಚ್ ನಂಬರು ಎಲ್ಲವನ್ನೂ ರೋಗಿಯ ಪಕ್ಕ ಕೂತು ಕೇಳಿ ಬರೆಯಬೇಕಾಗುತ್ತದೆ. ಉಚಿತ ಸಹಾಯವಾಣಿ 1800-180-3024. ರೋಗಿಗಳೇ ತುಂಬುವ ಫಾರಂ ಕನ್ನಡದಲ್ಲೂ ಸಿಗುತ್ತದೆ.